‘ಟಕ್’ ಅನ್ನುವ ಸೆಲ್ಫ್, ಎರಡು ಸಾವಿರದ ಬಜೆಟ್

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದು ನಾಲ್ಕು ಎಕರೆ ಕಾಫಿ ತೋಟ, ಸ್ವಲ್ಪ ಗದ್ದೆ. ಹಳೆಯ 35 ಎಚ್‌ಪಿ ಟ್ರ್ಯಾಕ್ಟರ್ ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈ ಸಲ ಮಳೆಗಾಲ ಮುಗಿದ ಮೇಲೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಕೈಕೊಟ್ಟಿದೆ. ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಶಬ್ದ, ಎಂಜಿನ್ ತಿರುಗುವುದಿಲ್ಲ. ನಾಲ್ಕೈದು ಸಲ ಹೊಡೆದರೆ ಒಮ್ಮೆ ಹಿಡಿಯುತ್ತದೆ. ಬ್ಯಾಟರಿ ಹೋದ ವರ್ಷದ್ದು. ಒಬ್ಬರು ಇಡೀ ಸೆಲ್ಫ್ ಬದಲಾಯಿಸಿ ಅಂದರು. ಇನ್ನೊಬ್ಬರು ಆರ್ಮೇಚರ್ ಕಟ್ಟಿಸಬೇಕು ಅಂದರು. ಕೈಯಲ್ಲಿರುವುದು ಎರಡು ಸಾವಿರ. ಕಾಫಿ ಕುಯ್ಲು ಶುರುವಾಗುವುದರೊಳಗೆ ಸರಿಯಾಗಬೇಕು. ಸದ್ಯಕ್ಕೆ ಕಣದ ಮೇಲಿನ ಏರಿನಲ್ಲಿ ನಿಲ್ಲಿಸಿ, ಉರುಳಿಸಿ ಸ್ಟಾರ್ಟ್ ಮಾಡುತ್ತಿದ್ದೇನೆ. ನಾನೇ ಬಿಚ್ಚಿ ನೋಡಬಹುದಾ?

ಉತ್ತರ: ಬಿಚ್ಚಬಹುದು. ಆದರೆ ಇವತ್ತೇ ಬೇಡ. ನೀವು ಬರೆದ ಲಕ್ಷಣ ನೋಡಿದರೆ ಆರ್ಮೇಚರ್, ಅಂದರೆ ಸೆಲ್ಫಿನೊಳಗೆ ತಿರುಗುವ ತಂತಿ ಸುತ್ತಿದ ಭಾಗದ ಮೇಲೆ ನನಗೆ ಅನುಮಾನ ಕಮ್ಮಿ. ಅದನ್ನು ಕಟ್ಟಿಸಲು ಕೊಟ್ಟರೆ ದುಡ್ಡೂ ಹೋಗುತ್ತದೆ, ‘ಟಕ್’ ಅನ್ನುವುದೂ ನಿಲ್ಲದೆ ಇರಬಹುದು. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮುಂಚೆ ಆ ಏರಿನ ವಿಷಯ.

ಕೊಡಗಿನಲ್ಲಿ ಸೆಲ್ಫ್ ಕೆಟ್ಟ ಗಾಡಿಗೆ ಇಳಿಜಾರೇ ಮೆಕ್ಯಾನಿಕ್. ಸಮತಟ್ಟಾದ ಜಾಗ ಹುಡುಕುವುದೇ ಕಷ್ಟ, ಹಾಗಾಗಿ ಎಲ್ಲರೂ ಇದನ್ನು ಮಾಡುತ್ತಾರೆ. ನಾನೂ ಮಾಡಿದ್ದೇನೆ. ಆದರೆ ನೀವು ‘ಕಣದ ಮೇಲಿನ ಏರು’ ಅಂತ ಬರೆದಿದ್ದೀರಿ. ಕುಯ್ಲು ಶುರುವಾದರೆ ಕಣದಲ್ಲಿ ಜನ ಇರುತ್ತಾರೆ, ಮಕ್ಕಳೂ ಇರುತ್ತಾರೆ. ಚಕ್ರಕ್ಕೆ ಕೊಟ್ಟ ಕಲ್ಲು ಒದ್ದೆ ಮಣ್ಣಿನಲ್ಲಿ ಜಾರಿದರೆ ಮುಗಿಯಿತು. ಟ್ರ್ಯಾಕ್ಟರನ್ನು ಇವತ್ತೇ ಬೇರೆ ಕಡೆ ನಿಲ್ಲಿಸಿ. ಮೂತಿ ಖಾಲಿ ಜಾಗದ ಕಡೆಗಿರಲಿ. ಟ್ರೈಲರ್ ಸಿಕ್ಕಿಸಿಕೊಂಡು ಉರುಳಿಸುವುದಂತೂ ಬೇಡವೇ ಬೇಡ.

ಇನ್ನೊಂದು ಅಭ್ಯಾಸ ಇದಕ್ಕಿಂತ ಕೆಟ್ಟದ್ದು. ಕೆಳಗೆ ನಿಂತು, ಸ್ಕ್ರೂ ಡ್ರೈವರ್‌ನಿಂದ ಸೆಲ್ಫಿನ ಟರ್ಮಿನಲ್‌ಗಳನ್ನು ಮುಟ್ಟಿಸಿ ಸ್ಟಾರ್ಟ್ ಮಾಡುವುದು. ಆಗ ಕೀ, ನ್ಯೂಟ್ರಲ್ ಸ್ವಿಚ್ ಯಾವುದರ ಲೆಕ್ಕವೂ ಇರುವುದಿಲ್ಲ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಸ್ಟಾರ್ಟ್ ಆದ ಕ್ಷಣವೇ ಮುಂದೆ ಹೊರಡುತ್ತದೆ, ಹಿಂದಿನ ದೊಡ್ಡ ಚಕ್ರ ಇರುವುದು ನೀವು ನಿಂತ ಕಡೆಗೇ. ದೇಶದಲ್ಲಷ್ಟೇ ಅಲ್ಲ, ಹೊರಗೂ ಟ್ರ್ಯಾಕ್ಟರ್ ಮೈಮೇಲೆ ಹತ್ತಿ ಸತ್ತವರಲ್ಲಿ ಹೀಗೆ ಸ್ಟಾರ್ಟ್ ಮಾಡಲು ಹೋದವರಿದ್ದಾರೆ. ದುಡ್ಡು ಉಳಿಸಲು ಬೇರೆ ದಾರಿ ಬೇಕಾದಷ್ಟಿದೆ.

ಈಗ ಆ ‘ಟಕ್’ ಶಬ್ದಕ್ಕೆ ಬರೋಣ.

ಸೆಲ್ಫಿನ ಬೆನ್ನ ಮೇಲೆ ಸಣ್ಣ ಡಬ್ಬಿಯಂತೆ ಕೂತಿರುವುದು ಸೊಲೆನಾಯ್ಡ್. ಅದಕ್ಕೆ ಎರಡು ಕೆಲಸ. ಒಳಗಿನ ಕಬ್ಬಿಣದ ಗೂಟವನ್ನು ಎಳೆದುಕೊಂಡು ಬೆಂಡಿಕ್ಸ್ (ಮೋಟಾರಿನ ತುದಿಯ ಸಣ್ಣ ಗೇರು) ಹಲ್ಲನ್ನು ಎಂಜಿನ್ನಿನ ಫ್ಲೈವೀಲ್ ಸುತ್ತಲಿನ ರಿಂಗ್ ಗೇರಿಗೆ ತಳ್ಳುವುದು ಒಂದು. ಅದೇ ಎಳೆತದ ಕೊನೆಯಲ್ಲಿ ಒಂದು ತಾಮ್ರದ ಬಿಲ್ಲೆಯನ್ನು ಎರಡು ದಪ್ಪ ಬೋಲ್ಟುಗಳ ತಲೆಗೆ ಒತ್ತಿ, ಬ್ಯಾಟರಿಯ ಪೂರ್ತಿ ಕರೆಂಟನ್ನು ಮೋಟಾರಿಗೆ ಬಿಡುವುದು ಇನ್ನೊಂದು. ‘ಟಕ್’ ಕೇಳಿಸಿತು ಅಂದರೆ ಮೊದಲ ಕೆಲಸ ಆಗಿದೆ. ಎರಡನೆಯದು ಆಗಿಲ್ಲ, ಅಥವಾ ಆದರೂ ಕರೆಂಟು ಸಾಲುತ್ತಿಲ್ಲ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಸೊಲೆನಾಯ್ಡ್ ಒಳಗೆ ಎರಡು ಸುತ್ತು ತಂತಿ ಇರುತ್ತದೆ. ಗೂಟವನ್ನು ಎಳೆಯಲು ದಪ್ಪ ತಂತಿಯದು, ಎಳೆದ ಮೇಲೆ ಹಿಡಿದಿಡಲು ಸಣ್ಣ ತಂತಿಯದು. ಹಿಡಿದಿಡುವ ಸುತ್ತು ನೇರವಾಗಿ ಬಾಡಿಗೆ ಅರ್ತ್ ಆಗಿರುತ್ತದೆ. ಎಳೆಯುವ ಸುತ್ತಿಗೆ ಹಾಗಲ್ಲ. ಅದು ಮೋಟಾರಿನ ಒಳಗೇ ಹಾದು, ಕಾರ್ಬನ್ ಬ್ರಷ್ (ತಿರುಗುವ ಆರ್ಮೇಚರಿಗೆ ಕರೆಂಟು ಮುಟ್ಟಿಸುವ ತುಂಡು) ಮತ್ತು ಆರ್ಮೇಚರ್ ದಾಟಿ ಅರ್ತ್ ಸೇರುತ್ತದೆ. ಅಂದರೆ ಬ್ರಷ್ ಪೂರ್ತಿ ಸವೆದು ಆರ್ಮೇಚರನ್ನು ಮುಟ್ಟದೆ ಹೋದರೆ ಎಳೆಯುವ ಸುತ್ತೂ ಸತ್ತ ಹಾಗೆ. ಆಗ ಗಟ್ಟಿ ‘ಟಕ್’ ಬರುವುದಿಲ್ಲ. ಸಣ್ಣದಾಗಿ ‘ಟಿಕ್’ ಅನ್ನಬಹುದು, ಇಲ್ಲವೇ ಏನೂ ಅನ್ನದೆ ಇರಬಹುದು.

ನಿಮ್ಮ ಟ್ರ್ಯಾಕ್ಟರಿನದು ಗಟ್ಟಿ ‘ಟಕ್’ ಆಗಿದ್ದರೆ ಬ್ರಷ್ ಮತ್ತು ಆರ್ಮೇಚರ್ ಮೂಲಕ ಕರೆಂಟು ಸ್ವಲ್ಪವಾದರೂ ಹರಿಯುತ್ತಿದೆ. ನಾಲ್ಕೈದು ಸಲ ಹೊಡೆದರೆ ಒಮ್ಮೆ ಹಿಡಿಯುವುದೂ ಅದೇ ಕಡೆ ಬೆರಳು ತೋರಿಸುತ್ತದೆ. ಸುಟ್ಟುಹೋದ ಆರ್ಮೇಚರ್ ಐದನೇ ಸಲಕ್ಕೆ ಹುಷಾರಾಗುವುದಿಲ್ಲ. ಸೊಲೆನಾಯ್ಡಿನ ತಾಮ್ರದ ಬಿಲ್ಲೆ ಮಾತ್ರ ಹೊಡೆದಾಗೆಲ್ಲ ಸ್ವಲ್ಪ ತಿರುಗಿ, ಸುಡದ ಜಾಗ ಎದುರಿಗೆ ಬಂದಾಗ ಸರಿಯಾಗಿ ಮುಟ್ಟುತ್ತದೆ. ಹಾಗಾಗಿ ನನ್ನ ಅನುಮಾನದ ಸರದಿ ಹೀಗೆ: ಮೊದಲು ಅರ್ತ್ ಮತ್ತು ಟರ್ಮಿನಲ್, ಆಮೇಲೆ ಸೊಲೆನಾಯ್ಡಿನ ಬಿಲ್ಲೆ, ಅದಾದ ಮೇಲೆ ಬ್ರಷ್. ಆರ್ಮೇಚರ್ ತುಂಬಾ ಹಿಂದೆ.

ಆದರೂ ಅನುಮಾನದ ಮೇಲೆ ದುಡ್ಡು ಹಾಕಬಾರದು. ಅಳೆದು ನೋಡಬೇಕು. ಮೊದಲ ಪರೀಕ್ಷೆಗೆ ಒಂದು ಪೈಸೆಯೂ ಬೇಡ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಪಿಟಿಒ (ಹಿಂದಿನ ಉಪಕರಣ ತಿರುಗಿಸುವ ಶಾಫ್ಟ್) ಬಿಟ್ಟಿರಲಿ, ಹ್ಯಾಂಡ್ ಬ್ರೇಕ್ ಹಾಕಿ ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ನಾಬ್ ಎಳೆದಿಡಿ. ಸಂಜೆಗತ್ತಲಲ್ಲಿ ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬೆಳಕು ಬೀಳುವ ಹಾಗೆ. ಒಬ್ಬರು ಕೀ ತಿರುಗಿಸಲಿ, ನೀವು ಬೆಳಕು ನೋಡಿ.

‘ಟಕ್’ ಅಂದಾಗ ಬೆಳಕು ಪೂರ್ತಿ ಕುಗ್ಗಿ ಕೆಂಪಗಾದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಟರ್ಮಿನಲ್ ಸರಿಯಾಗಿ ಹಿಡಿದಿಲ್ಲ. ಮೋಟಾರ್ ಒಳಗೆ ಬಿಗಿದುಕೊಂಡಿದ್ದರೂ ಹೀಗಾಗಬಹುದು. ಬೆಳಕು ಹೆಚ್ಚುಕಮ್ಮಿ ಹಾಗೇ ಇದ್ದರೆ ಮೋಟಾರಿಗೆ ಕರೆಂಟು ಹೋಗುತ್ತಲೇ ಇಲ್ಲ ಅಂತ ಅರ್ಥ. ಸೊಲೆನಾಯ್ಡ್ ಬಿಲ್ಲೆ, ಬ್ರಷ್, ಅರ್ತ್ ಈ ಮೂರರಲ್ಲಿ ಒಂದು. ಇಷ್ಟರಲ್ಲೇ ಅರ್ಧ ದಾರಿ ಮುಗಿಯಿತು.

ಉಳಿದರ್ಧಕ್ಕೆ ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ ಡಿಜಿಟಲ್ ಮೀಟರ್ ಸಾಕು. ನಿಮ್ಮ ಎರಡು ಸಾವಿರದಲ್ಲಿ ಮೊದಲ ನೋಟು ಇದಕ್ಕೇ ಹೋಗಲಿ. ಪಕ್ಕದ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಡಿಸಿ 20 ವೋಲ್ಟಿಗೆ ತಿರುಗಿಸಿ.

ರಾತ್ರಿ ಪೂರ್ತಿ ನಿಂತ ಬ್ಯಾಟರಿಯ ಎರಡು ಕೊಂಬುಗಳ ಮೇಲೆ ಮೀಟರ್ ಕಡ್ಡಿ ಇಡಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಮಾತು. ಉರುಳಿಸಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ ನಿಲ್ಲಿಸುತ್ತಿದ್ದರೆ ಹೋದ ವರ್ಷದ ಬ್ಯಾಟರಿಯೂ ಅರ್ಧಕ್ಕೆ ಇಳಿದಿರುತ್ತದೆ. ಈಗ ಸೆಲ್ಫ್ ಹೊಡೆಯುತ್ತಾ ನೋಡಿ. ಎಂಜಿನ್ ತಿರುಗುತ್ತಿರುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ.

ಮುಂದಿನದು ನಿಜವಾದ ಪರೀಕ್ಷೆ. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳಿವೆಯಲ್ಲ, ಒಂದಕ್ಕೆ ಬ್ಯಾಟರಿ ಕೇಬಲ್ ಬಂದಿರುತ್ತದೆ, ಇನ್ನೊಂದರಿಂದ ಮೋಟಾರಿಗೆ ಹೋಗಿರುತ್ತದೆ. ಮೀಟರಿನ ಒಂದೊಂದು ಕಡ್ಡಿಯನ್ನು ಒಂದೊಂದಕ್ಕೆ ಹಿಡಿಯಿರಿ. ಸುಮ್ನೆ ಇದ್ದಾಗ 12ರ ಆಸುಪಾಸು ತೋರಿಸುತ್ತದೆ. ಕೀ ತಿರುಗಿಸಿ ‘ಟಕ್’ ಅಂದ ಕೂಡಲೇ ಅದು ಸೊನ್ನೆಯ ಹತ್ತಿರ ಬರಬೇಕು, 0.2 ಅಥವಾ 0.3. ‘ಟಕ್’ ಅಂದರೂ 12ರ ಹತ್ತಿರವೇ ನಿಂತಿದ್ದರೆ ಕಳ್ಳ ಸಿಕ್ಕಿದ. ಬಿಲ್ಲೆ ಮುಟ್ಟುತ್ತಿಲ್ಲ. ಮೋಟಾರನ್ನು ಬಯ್ಯುವುದು ಬಿಡಿ.

ಸೊನ್ನೆಗೆ ಬಂದಿತು, ಆದರೂ ಮೋಟಾರ್ ತಿರುಗಲಿಲ್ಲವಾ? ಒಂದು ಕಡ್ಡಿ ಮೋಟಾರ್ ಕಡೆಯ ಬೋಲ್ಟಿಗೆ, ಇನ್ನೊಂದು ಸೆಲ್ಫಿನ ಬಾಡಿಗೆ ಹಿಡಿದು ಮತ್ತೆ ಹೊಡೆಯಿರಿ. ಅಲ್ಲಿ 12 ಬಂದೂ ಮೋಟಾರ್ ಸುಮ್ಮನಿದ್ದರೆ ಬ್ರಷ್ ಅಥವಾ ಆರ್ಮೇಚರ್. ಆಗ ಮಾತ್ರ ಸೆಲ್ಫ್ ಕೆಳಗಿಳಿಸಿ. ಕೊನೆಯದಾಗಿ ಸೆಲ್ಫಿನ ಬಾಡಿಯಿಂದ ಬ್ಯಾಟರಿಯ ಮೈನಸ್ ಕೊಂಬಿಗೆ ಅಳೆಯಿರಿ. ಹೊಡೆಯುವಾಗ 0.2 ದಾಟಿದರೆ ಅರ್ತ್ ಸರಿಯಿಲ್ಲ. ಕಡ್ಡಿಯನ್ನು ಕೇಬಲ್ಲಿನ ಕ್ಲಾಂಪಿಗಲ್ಲ, ಸೀಸದ ಕೊಂಬಿಗೇ ಚುಚ್ಚಬೇಕು. ಕ್ಲಾಂಪಿಗೂ ಕೊಂಬಿಗೂ ನಡುವೆ ಕೂತ ಕಿಲುಬೇ ಎಷ್ಟೋ ಸಲ ರೋಗ.

ಈ 0.2, 0.3ಕ್ಕೆ ಯಾಕಿಷ್ಟು ಗಲಾಟೆ ಅಂತ ಕೇಳಬಹುದು. ಇಂಥ ಟ್ರ್ಯಾಕ್ಟರಿನ ಸೆಲ್ಫ್ ಎಂಜಿನ್ ತಿರುಗಿಸುವಾಗ 300 ಆಂಪಿಯರ್ ಎಳೆಯಿತು ಅಂದುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೆ 3 ವೋಲ್ಟ್ ಅಲ್ಲೇ ಹೋಯಿತು. ಹನ್ನೆರಡರಲ್ಲಿ ಮೂರು! ಅದು 900 ವ್ಯಾಟ್, ಹೆಚ್ಚುಕಮ್ಮಿ ಒಂದು ಇಸ್ತ್ರಿಪೆಟ್ಟಿಗೆ. ಮೀಟರ್ ಇಲ್ಲದವರಿಗೆ ಇದರಿಂದಲೇ ಒಂದು ಉಪಾಯ ಇದೆ. ಹತ್ತು ಹತ್ತು ಸೆಕೆಂಡ್ ಎರಡು ಮೂರು ಸಲ ಸೆಲ್ಫ್ ಹೊಡೆದು, ನಿಲ್ಲಿಸಿ, ಒಂದೊಂದೇ ಟರ್ಮಿನಲ್ ಮೇಲೆ ಬೆರಳು ಇಡಿ. ಬಿಸಿಯಾಗಿರುವ ಜಾಗದಲ್ಲೇ ನಿಮ್ಮ ಕರೆಂಟು ಸೋರುತ್ತಿದೆ. ಮೋಟಾರ್ ತಿರುಗಲು ಒದ್ದಾಡುತ್ತಿದ್ದರೆ ಮಾತ್ರ ಇದು ನಡೆಯುತ್ತದೆ. ಬರೀ ‘ಟಕ್’ ಅಂದು ಸುಮ್ಮನಾದರೆ ದೊಡ್ಡ ಕರೆಂಟೇ ಹರಿಯದೆ ಕೇಬಲ್ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ.

ಅರ್ತ್ ವಿಷಯದಲ್ಲಿ ನಾನು ಪಾಠ ಕಲಿತದ್ದು ಬೇರೆಯವರ ದುಡ್ಡಿನಲ್ಲಿ. ಕೆಲಸ ಕಲಿಯುತ್ತಿದ್ದ ದಿನಗಳು. ಒಬ್ಬ ಬೆಳೆಗಾರರ ಟ್ರ್ಯಾಕ್ಟರಿಗೆ ಹೀಗೇ ‘ಟಕ್’ ರೋಗ. ನಾನು ಜೋರಿನಲ್ಲಿ ಸೆಲ್ಫ್ ಬಿಚ್ಚಿ, ಆರ್ಮೇಚರ್ ಕಟ್ಟಿಸಿ, ಬ್ರಷ್ ಹಾಕಿ ಕೂರಿಸಿದೆ. ಮತ್ತೆ ಟಕ್. ನಮ್ಮ ಮೇಸ್ತ್ರಿ ಬಂದು ಜಂಪ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಸೆಲ್ಫಿನ ಬಾಡಿಗೆ ಹಾಕಿದರು. ಎಂಜಿನ್ ಒಂದೇ ಏಟಿಗೆ ಎದ್ದಿತು. ಹಿಂದಿನ ವರ್ಷ ಆ ಟ್ರ್ಯಾಕ್ಟರಿಗೆ ಚೆಂದ ಕಾಣಲಿ ಅಂತ ಪೇಂಟ್ ಹೊಡೆಸಿದ್ದರು, ಅರ್ತ್ ಪಟ್ಟಿಯ ಬೋಲ್ಟಿನ ಅಡಿಗೂ ಪೇಂಟ್ ಹೋಗಿತ್ತು. ಕಟ್ಟಿಸಿದ ದುಡ್ಡು ನನ್ನ ಸಂಬಳದಲ್ಲಿ ಹೋಯಿತು. ಆ ಜಂಪ್ ಕೇಬಲ್ ಪರೀಕ್ಷೆ ನೀವೂ ಮಾಡಿ, ಐದು ನಿಮಿಷದ ಕೆಲಸ. ಆದರೆ ಅದಾದ ಕೂಡಲೇ ಎಂಜಿನ್ ಎದ್ದೀತು ಅಂತ ನೆನಪಿರಲಿ. ಗೇರ್ ನೋಡಿಕೊಳ್ಳಿ, ಕೀ ತಿರುಗಿಸುವವರು ಸೀಟಿನ ಮೇಲೇ ಕೂತಿರಲಿ.

ನಮ್ಮ ಕಡೆ ಈ ರೋಗ ಜಾಸ್ತಿ ಯಾಕೆ ಅಂದರೆ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ, ಭಾಗಮಂಡಲ ಕಡೆ ಅದಕ್ಕಿಂತ ಜಾಸ್ತಿ. ಜೂನ್, ಜುಲೈಯಲ್ಲಿ ಗದ್ದೆ ಉಳುವಾಗ ಕೆಸರು ಸೆಲ್ಫಿನವರೆಗೆ ಹಾರುತ್ತದೆ. ನಾಟಿ ಮುಗಿದ ಮೇಲೆ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಹಾಗೇ ನಿಲ್ಲುತ್ತದೆ. ಎರಡು ಮೂರು ತಿಂಗಳು ತೇವದಲ್ಲಿ ನಿಂತ ತಾಮ್ರಕ್ಕೆ ಹಸಿರು ಕಿಲುಬು, ಕಬ್ಬಿಣಕ್ಕೆ ತುಕ್ಕು, ಬ್ಯಾಟರಿ ಕೊಂಬಿಗೆ ಬಿಳಿ ಪುಡಿ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಕೋವಿಯನ್ನು ಎಷ್ಟು ಚೆನ್ನಾಗಿ ಒರೆಸಿ ಎಣ್ಣೆ ಹಾಕುತ್ತಾರೆ ನೋಡಿ. ಅದೇ ದಿನ ಅದೇ ಬಟ್ಟೆಯಲ್ಲಿ ಟ್ರ್ಯಾಕ್ಟರಿನ ನಾಲ್ಕು ಟರ್ಮಿನಲ್ ಒರೆಸಿದರೆ ನನಗೆ ಅಕ್ಟೋಬರಿನಲ್ಲಿ ಅರ್ಧ ಕೆಲಸ ಇರುವುದಿಲ್ಲ.

ಸ್ವಚ್ಛ ಮಾಡುವುದು ಹೀಗೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಉಲ್ಟಾ, ಮೈನಸ್ ಕೊನೆಗೆ. ಮೈನಸ್ ಹಾಗೇ ಇಟ್ಟು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾನೆಟ್ಟಿಗೆ ತಾಗಿದರೆ ಸ್ಪ್ಯಾನರೇ ಕರಗುವಷ್ಟು ಕಿಡಿ ಬರುತ್ತದೆ. ಬಿಳಿ ಪುಡಿಗೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿ, ನೀರು ಬ್ಯಾಟರಿ ಒಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಕೊಂಬು ಮತ್ತು ಕ್ಲಾಂಪಿನ ಒಳಮೈ ಹೊಳೆಯುವಷ್ಟು ಕೆರೆಯಿರಿ. ಅರ್ತ್ ಪಟ್ಟಿ ಬಾಡಿಗೆ ಸೇರುವ ಜಾಗದಲ್ಲಿ ಪೇಂಟ್, ತುಕ್ಕು ಎಲ್ಲ ತೆಗೆದು ಬರಿ ಕಬ್ಬಿಣ ಕಾಣಿಸಬೇಕು. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಮೊದಲು ಬಿಗಿ, ಆಮೇಲೆ ವ್ಯಾಸಲೀನ್.

ಕೇಬಲ್ ಬದಲಿಸಬೇಕಾಗಿ ಬಂದರೆ ತೂಕ ನೋಡಿ ಕೊಳ್ಳಿ. ಮೇಲೆ ದಪ್ಪ ರಬ್ಬರ್, ಒಳಗೆ ಎಳೆ ಕಮ್ಮಿ ಇರುವ ಮಾಲು ಬೇಕಾದಷ್ಟು ಬರುತ್ತಿದೆ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಕೂಡ. ಒಂದು ಎಳೆಯನ್ನು ಚಾಕುವಿನಲ್ಲಿ ಕೆರೆದರೆ ಬಿಳಿ ಕಾಣಿಸುತ್ತದಾ ನೋಡಿ. 35 ಚದರ ಮಿ.ಮೀ. ತಾಮ್ರಕ್ಕಿಂತ ಸಣ್ಣದು ಬೇಡ. ಬೋಲ್ಟಿಗೆ ಸಿಕ್ಕಿಸುವ ತುದಿಯ ಲಗ್ಗನ್ನು ಸುತ್ತಿಗೆಯಲ್ಲಿ ಕುಟ್ಟಿ ಕೂರಿಸುವವರ ಹತ್ತಿರ ಮಾಡಿಸಬೇಡಿ, ಒತ್ತುವ ಮಿಷನ್ ಇರುವ ಕಡೆ ಮಾಡಿಸಿ.

ಇಷ್ಟಕ್ಕೇ ಸರಿಯಾದರೆ ನಿಮ್ಮ ಖರ್ಚು ಎರಡು ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಆಗಲಿಲ್ಲ, ಮೀಟರ್ ಸೊಲೆನಾಯ್ಡನ್ನೇ ತೋರಿಸಿತು ಅಂದರೆ ಮುಂದೆ ಓದಿ.

ಬ್ಯಾಟರಿ ಬಿಚ್ಚಿಟ್ಟೇ ಸೆಲ್ಫ್ ಇಳಿಸಬೇಕು. ತಂತಿಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸೆಲ್ಫ್ ಭಾರ ಇದೆ, ಕೊನೆಯ ಬೋಲ್ಟ್ ಬಿಡುವಾಗ ಕೆಳಗೆ ಕೈ ಇರಲಿ. ಸೊಲೆನಾಯ್ಡ್ ಎರಡು ಮೂರು ಸ್ಕ್ರೂಗಳಲ್ಲಿ ಕೂತಿರುತ್ತದೆ. ಹಿಂದಿನ ಮುಚ್ಚಳ ಸ್ಕ್ರೂನಲ್ಲಿದ್ದರೆ ಅದನ್ನು ಬಿಚ್ಚಬಹುದು, ತಗಡು ಮಡಚಿ ಸೀಲ್ ಮಾಡಿದ್ದರೆ ಹೊಸದೇ ಗತಿ. ಬಿಚ್ಚುವ ಜಾತಿಯದಾದರೆ ಮುಚ್ಚಳದ ಮೇಲೆ ಬೆಸುಗೆ ಹಾಕಿದ ಒಂದೆರಡು ತಂತಿ ಇರುತ್ತದೆ. ಬೆಸುಗೆ ಬಿಡಿಸಿದರೆ ಮುಚ್ಚಳ ಬರುತ್ತದೆ. ಇದು ಅಭ್ಯಾಸ ಇಲ್ಲದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಅಷ್ಟನ್ನೇ ಮಾಡಿಸಿ.

ಒಳಗೆ ನೋಡಿದರೆ ನಿಮಗೇ ಅರ್ಥವಾಗುತ್ತದೆ. ಬೋಲ್ಟುಗಳ ತಾಮ್ರದ ತಲೆ ಒಂದು ಕಡೆ ಕರಗಿ ಗುಂಡಿ ಬಿದ್ದಿರುತ್ತದೆ, ಬಿಲ್ಲೆಯ ಅಂಚು ಕಪ್ಪಾಗಿರುತ್ತದೆ. ಬಡವರ ರಿಪೇರಿ ಇಲ್ಲಿದೆ: ಬಿಲ್ಲೆಯನ್ನು ಮಗುಚಿ ಹಾಕಿ, ಹಿಂದಿನ ಮೈ ಹೊಸದರ ಹಾಗಿರುತ್ತದೆ. ಬೋಲ್ಟುಗಳನ್ನು ಸಡಿಲಿಸಿ ಅರ್ಧ ಸುತ್ತು ತಿರುಗಿಸಿ, ಸುಡದ ಭಾಗ ಬಿಲ್ಲೆಗೆ ಎದುರಾಗುತ್ತದೆ. ಎರಡೂ ತಲೆ ಒಂದೇ ಮಟ್ಟದಲ್ಲಿರುವಂತೆ ಅರದಿಂದ ಸ್ವಲ್ಪ ಉಜ್ಜಿ. ಮಟ್ಟ ತಪ್ಪಿದರೆ ಬಿಲ್ಲೆ ಒಂದು ಕಡೆ ಮಾತ್ರ ಮುಟ್ಟಿ ವಾರದಲ್ಲಿ ಮತ್ತೆ ಸುಡುತ್ತದೆ. ಗೂಟವನ್ನು ಒರೆಸಿ ಒಣಗಿದ ಹಾಗೇ ಹಾಕಿ, ಗ್ರೀಸ್ ಬೇಡ. ಮುಂದಿನ ಮಳೆಗಾಲಕ್ಕೆ ಅದು ಅಂಟಾಗುತ್ತದೆ. ಹೀಗೆ ಮಾಡಿದ ಸೊಲೆನಾಯ್ಡ್ ವರ್ಷಗಟ್ಟಲೆ ನಡೆದದ್ದನ್ನು ನೋಡಿದ್ದೇನೆ.

ಸೆಲ್ಫ್ ಕೆಳಗಿಳಿದ ಮೇಲೆ ಹೇಗೂ ಬ್ರಷ್ ನೋಡದೆ ಬಿಡಬೇಡಿ. ಹೆಚ್ಚಿನವುಗಳಲ್ಲಿ ನಾಲ್ಕು ಇರುತ್ತವೆ. ಹೊಸದರ ಅರ್ಧಕ್ಕಿಂತ ಗಿಡ್ಡವಾಗಿದ್ದರೆ ನಾಲ್ಕನ್ನೂ ಬದಲಿಸಿ, ಒಂದೆರಡನ್ನಲ್ಲ. ಹೋಲ್ಡರಿನಲ್ಲಿ ಸಲೀಸಾಗಿ ಮೇಲೆ ಕೆಳಗೆ ಆಡಬೇಕು. ಕೆಸರು, ಎಣ್ಣೆ ಸೇರಿ ಸಿಕ್ಕಿಕೊಂಡಿದ್ದರೆ ಉದ್ದ ಇದ್ದೂ ಪ್ರಯೋಜನ ಇಲ್ಲ. ಸೆಲ್ಫಿನ ಬ್ರಷ್ ತಾಮ್ರದ ಪುಡಿ ಬೆರೆತ ಕೆಂಪು ಛಾಯೆಯದು. ಡ್ರಿಲ್ಲಿಂಗ್ ಮಿಷನ್ನಿನ ಕಪ್ಪು ಕಾರ್ಬನ್ ಉಜ್ಜಿ ಅಳತೆಗೆ ತಂದು ಹಾಕುವವರಿದ್ದಾರೆ. ಅದು ಇಷ್ಟು ಕರೆಂಟು ತಡೆಯುವುದಿಲ್ಲ.

ಎರಡು ಬ್ರಷ್ಷುಗಳ ಬಾಲ, ಆರ್ಮೇಚರ್ ಸುತ್ತ ಕದಲದೆ ಕೂತಿರುವ ಫೀಲ್ಡ್ ಕಾಯಿಲ್‌ಗೆ ಬೆಸುಗೆಯಾಗಿರುತ್ತದೆ. ಇಲ್ಲಿ ಒಂದು ಎಚ್ಚರ. ಕೆಲವು ಹಳೆಯ ಸೆಲ್ಫುಗಳಲ್ಲಿ ಆ ಕಾಯಿಲ್ ತಾಮ್ರದ್ದಲ್ಲ, ಅಲ್ಯೂಮಿನಿಯಂ. ಹಳೆಯ ಬಾಲವನ್ನು ಬುಡದವರೆಗೆ ಕತ್ತರಿಸಿದರೆ ಹೊಸದಕ್ಕೆ ಬೆಸುಗೆ ಹಿಡಿಯುವುದೇ ಇಲ್ಲ. ಅರ್ಧ ಸೆಂಟಿಮೀಟರಿನಷ್ಟು ಹಳೆಯ ಬಾಲ ಉಳಿಸಿ, ಅದಕ್ಕೇ ಹೊಸದನ್ನು ಬೆಸೆಯಬೇಕು. ಇದು ಗೊತ್ತಿಲ್ಲದೆ ಒಳ್ಳೆಯ ಕಾಯಿಲ್ಲನ್ನು ಗುಜರಿಗೆ ಹಾಕಿದವರಿದ್ದಾರೆ.

ಆರ್ಮೇಚರಿನ ತುದಿಯ ತಾಮ್ರದ ಪಟ್ಟಿಗಳ ಮೇಲಿನ ಕಪ್ಪನ್ನು ನಯವಾದ ಮರಳು ಕಾಗದದಲ್ಲಿ ತೆಗೆಯಿರಿ. ಕಪ್ಪು ಎಮರಿ ಪೇಪರ್ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತು ಕರೆಂಟು ದಾಟಿಸಬಹುದು. ಗಾಢವಾಗಿ ಗೀರು ಬಿದ್ದಿದ್ದರೆ ಲೇತ್ ಅಂಗಡಿಯಲ್ಲಿ ಸ್ವಲ್ಪವೇ ತೆಗೆಸಿ. ಪಟ್ಟಿಗಳ ನಡುವಿನ ಸಂದನ್ನು ಗರಗಸದಿಂದ ಕೊರೆಯಬೇಕಾ ಎಂಬುದು ನಮ್ಮವರಲ್ಲಿ ಮುಗಿಯದ ಜಗಳ. ಕೆಲವು ಕಂಪನಿಗಳ ಸೆಲ್ಫಿಗೆ ಕೊರೆಯಬೇಕು, ಇನ್ನು ಕೆಲವಕ್ಕೆ ಕೊರೆಯಲೇಬಾರದು. ಮೊದಲು ಹೇಗಿತ್ತೋ ಹಾಗೇ ಬಿಡಿ.

ಆರ್ಮೇಚರ್ ಸತ್ತಿದೆಯಾ ಅಂತ ನೀವೇ ನೋಡಬಹುದು. ಮೀಟರನ್ನು ಓಮಿಗೆ ತಿರುಗಿಸಿ, ಒಂದು ಕಡ್ಡಿ ಶಾಫ್ಟಿಗೆ, ಇನ್ನೊಂದನ್ನು ತಾಮ್ರದ ಪಟ್ಟಿಗಳಿಗೆ ಒಂದೊಂದಾಗಿ ಮುಟ್ಟಿಸಿ. ಎಲ್ಲಿಯೂ ಸಂಪರ್ಕ ತೋರಿಸಬಾರದು. ಬೆಸುಗೆ ಕರಗಿ ಒಳಗೋಡೆಗೆ ಸಿಡಿದಿದೆಯಾ, ಎರಡು ಪಟ್ಟಿಗಳ ನಡುವೆ ಮಾತ್ರ ಸುಟ್ಟಿದೆಯಾ ನೋಡಿ. ಒಳಗಿನ ಶಾರ್ಟ್ ಹಿಡಿಯಲು ಗ್ರೌಲರ್ ಅನ್ನುವ ಯಂತ್ರ ಬೇಕು. ಕಟ್ಟಿಸುವ ಅಂಗಡಿಯಲ್ಲಿ ಅದು ಇರಬೇಕು. ಇಲ್ಲದವರು ಯಾವುದರ ಮೇಲೆ ‘ಆರ್ಮೇಚರ್ ಹೋಗಿದೆ’ ಅಂದರು ಅಂತ ಕೇಳಿ.

ಆರ್ಮೇಚರಿನ ಕಬ್ಬಿಣದ ಮೈ ಮೇಲೆ ಉಜ್ಜಿದ ಗುರುತು ಹೊಳೆಯುತ್ತಿದ್ದರೆ ರೋಗ ಬೇರೆ, ಶಾಫ್ಟಿನ ತುದಿ ಕೂತು ತಿರುಗುವ ಬುಶ್ ಸವೆದಿದೆ. ನನಗೆ ಈ ಕೆಲಸದಲ್ಲಿ ಹೊಟ್ಟೆ ಉರಿಯುವುದು ಇದಕ್ಕೇ. ಇಡೀ ಸೆಲ್ಫಿನಲ್ಲಿ ಅತಿ ಅಗ್ಗದ ವಸ್ತು ಬುಶ್, ಅದನ್ನೇ ಯಾರೂ ಹಾಕಿಸುವುದಿಲ್ಲ. ಅದು ಸವೆದರೆ ಶಾಫ್ಟ್ ಓಲಾಡಿ, ಆರ್ಮೇಚರ್ ಸುತ್ತಲಿನ ಕಬ್ಬಿಣಕ್ಕೆ ಉಜ್ಜಿ, ಕರೆಂಟು ಜಾಸ್ತಿ ಎಳೆದು ಬಿಸಿಯಾಗಿ ಕೊನೆಗೆ ಅತಿ ದುಬಾರಿ ಭಾಗವೇ ಸುಡುತ್ತದೆ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಟ ಕೈಗೆ ಗೊತ್ತಾದರೆ ಬುಶ್ ಹಾಕಿಸಿ. ಹೊಸ ಬುಶ್ ಕಂಚಿನ ಪುಡಿ ಒತ್ತಿ ಮಾಡಿದ್ದು, ಸ್ಪಂಜಿನಂತೆ ಎಣ್ಣೆ ಕುಡಿಯುತ್ತದೆ. ಹಾಕುವ ಮುಂಚೆ ತೆಳು ಎಂಜಿನ್ ಆಯಿಲ್ಲಿನಲ್ಲಿ 24 ಗಂಟೆ ನೆನೆಹಾಕಬೇಕು. ಅಂಗಡಿಯವರಿಗೆ ಪುರುಸೊತ್ತು ಇರುವುದಿಲ್ಲ. ನೀವೇ ಹಿಂದಿನ ದಿನ ಬುಶ್ ತಂದು ಮನೆಯಲ್ಲಿ ಲೋಟಕ್ಕೆ ಎಣ್ಣೆ ಹಾಕಿ ನೆನೆಸಿ ತಗೊಂಡು ಹೋಗಿ.

ಬೆಂಡಿಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ರೋಗ ಅದಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ತಿರುಗಿದರೆ ಸಾಕು. ಡೀಸೆಲ್ಲಿನಲ್ಲಿ ಅದ್ದಿ ತೊಳೆಯಬೇಡಿ, ಒಳಗಿನ ಗ್ರೀಸ್ ಕರಗಿ ಹೋಗುತ್ತದೆ. ಸೆಲ್ಫ್ ಹೊರಗಿರುವಾಗ ಆ ತೂತಿನಿಂದ ಟಾರ್ಚ್ ಬಿಟ್ಟು ರಿಂಗ್ ಗೇರಿನ ಹಲ್ಲನ್ನೂ ನೋಡಿಬಿಡಿ. 3 ಸಿಲಿಂಡರ್ ಎಂಜಿನ್ ನಿಲ್ಲುವುದು ಹೆಚ್ಚಾಗಿ ಮೂರೇ ಜಾಗದಲ್ಲಿ, ಸವೆಯುವುದೂ ಆ ಮೂರು ಕಡೆ. ತೂತಿನಲ್ಲಿ ಎಣ್ಣೆ ಸುರಿದಿರುವುದು ಕಂಡರೆ ಬೇರೆ ಖರ್ಚು ದಾರಿಯಲ್ಲಿದೆ ಅಂತ ಇಟ್ಟುಕೊಳ್ಳಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಬ್ರಷ್ ಮತ್ತು ಬುಶ್ ನೂರುಗಳ ಮಾತು. ಹೊಸ ಸೊಲೆನಾಯ್ಡ್ ಹಾಕಿದರೆ ನಿಮ್ಮ ಬಜೆಟ್ಟಿನ ದೊಡ್ಡ ಪಾಲು ಅಲ್ಲಿಗೇ ಹೋಗಬಹುದು, ಅದಕ್ಕೇ ಬಿಲ್ಲೆ ಮಗುಚುವ ಉಪಾಯ ಹೇಳಿದೆ. ಆರ್ಮೇಚರ್ ನಿಜವಾಗಿ ಸುಟ್ಟಿದ್ದರೆ ಎರಡು ಸಾವಿರದಲ್ಲಿ ಗಟ್ಟಿ ಕೆಲಸ ಆಗುವುದು ಕಷ್ಟ. ಆಗ ಅರ್ಧಂಬರ್ಧ ಕಟ್ಟಿಸುವುದಕ್ಕಿಂತ ಹಳೆಯದನ್ನು ಕೊಟ್ಟು ರಿಪೇರಿಯಾದ ಇನ್ನೊಂದು ಸೆಲ್ಫ್ ತಗೊಳ್ಳುವುದು ವಾಸಿ. ಕುಶಾಲನಗರ, ಗೋಣಿಕೊಪ್ಪ ಇಲ್ಲವೇ ಮೈಸೂರಿನ ಕಡೆ ವಿಚಾರಿಸಿ. ಹೋಗುವಾಗ ನಿಮ್ಮ ಸೆಲ್ಫನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಬಾಡಿಯ ಮೇಲಿನ ನಂಬರ್, ಬೆಂಡಿಕ್ಸಿನ ಹಲ್ಲಿನ ಲೆಕ್ಕ, ಬೋಲ್ಟಿನ ತೂತುಗಳ ಅಂತರ, ತಿರುಗುವ ದಿಕ್ಕು ನಾಲ್ಕೂ ಒಂದೇ ಇರಬೇಕು. ‘ಎಲ್ಲದಕ್ಕೂ ಕೂರುತ್ತದೆ’ ಅನ್ನುವ ಮಾತು ನಂಬಬೇಡಿ. ಒಂದು ಹಲ್ಲು ಹೆಚ್ಚುಕಮ್ಮಿ ಆದರೂ ರಿಂಗ್ ಗೇರ್ ತಿನ್ನುತ್ತದೆ, ರಿಂಗ್ ಗೇರ್ ಬದಲಿಸಲು ಟ್ರ್ಯಾಕ್ಟರನ್ನೇ ಎರಡು ಭಾಗ ಮಾಡಬೇಕು. ಹೊರಗೆ ಕೊಟ್ಟ ಕೆಲಸದಲ್ಲಿ ತೆಗೆದ ಹಳೆಯ ಸಾಮಾನು ವಾಪಸ್ ಕೇಳಿ ತಗೊಳ್ಳಿ. ಮೊದಲೇ ಹೇಳಿ, ಕೊನೆಗಲ್ಲ.

ವಾಪಸ್ ಕೂರಿಸುವಾಗ ಸೆಲ್ಫ್ ಎಂಜಿನ್ನಿಗೆ ತಾಗುವ ಮುಖವನ್ನು ಉಜ್ಜಿ ಹೊಳೆಯಿಸಿ. ಮೋಟಾರಿಗೆ ಅರ್ತ್ ಸಿಗುವುದೇ ಅಲ್ಲಿಂದ. ಹೊಡೆಯುವಾಗ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಹೀಟರ್ ಇದ್ದರೆ ಅದನ್ನು ಮೊದಲು ಬಿಸಿ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಇನ್ನು ನೀವು ನನಗೆ ಮಾಡಬೇಕಾದ್ದು ಇಷ್ಟು. ಬಿಚ್ಚುವ ಮುಂಚೆ ನಾಲ್ಕು ಅಳತೆ ಬರೆದು ಕಳಿಸಿ: ಬ್ಯಾಟರಿ ಸುಮ್ಮನಿದ್ದಾಗ ಎಷ್ಟು, ಹೊಡೆಯುವಾಗ ಎಷ್ಟು, ಸೊಲೆನಾಯ್ಡಿನ ಎರಡು ಬೋಲ್ಟುಗಳ ನಡುವೆ ‘ಟಕ್’ ಅಂದಾಗ ಎಷ್ಟು, ಸೆಲ್ಫ್ ಬಾಡಿಯಿಂದ ಮೈನಸ್ ಕೊಂಬಿಗೆ ಎಷ್ಟು. ಹೆಡ್‌ಲೈಟ್ ಕುಗ್ಗಿತಾ ಇಲ್ಲವಾ ಅದನ್ನೂ ಬರೆಯಿರಿ. ಮಲ್ಟಿಮೀಟರಿನ ಹೊರತು ಅಲ್ಲಿಯವರೆಗೆ ಏನೂ ಕೊಳ್ಳಬೇಡಿ.